ಒಬ್ಬರ ಹೆಗಲು, ಹತ್ತು ಜನರ ಸಹಿ

ಶನಿವಾರ ನಮಗೆ ಬೆಳಗಿನ ಶಾಲೆ. 2016ರ ಮಳೆಗಾಲದ ಒಂದು ಶನಿವಾರ, ಶಾಲೆ ಬಿಟ್ಟು ಬಸ್ಸಿಗೆ ಕಾಯುತ್ತಾ ನಿಂತಿದ್ದವಳನ್ನು ಇಬ್ಬರು ಹೆಂಗಸರು ಬಂದು ಕರೆದುಕೊಂಡು ಹೋದರು. ಬಿಂಡಿಗನವಿಲೆ ಹೋಬಳಿಗೆ ಸೇರಿದ ಒಂದು ಸಣ್ಣ ಹಳ್ಳಿ ಅದು. ಊರಿನ ಹೆಸರು ಬೇಡ. ಅಂಗನವಾಡಿಯ ಜಗುಲಿಯ ಮೇಲೆ ಅವರ ಸ್ತ್ರೀಶಕ್ತಿ ಸಂಘದ ಉಳಿದ ಹದಿನೈದು ಜನ ಆಗಲೇ ಬಂದು ಕೂತಿದ್ದರು. ಸಂಘದಲ್ಲಿ ಇರಬೇಕಾದವರು ಹದಿನೆಂಟು. ಹದಿನೆಂಟನೆಯವರು ಬಲಗೈ, ಬಲಗಾಲು, ಮಾತು ಮೂರನ್ನೂ ಕಳೆದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರು.

ಅವರನ್ನು ಇಡೀ ಊರು ದೊಡ್ಡಕ್ಕ ಎಂದೇ ಕರೆಯುತ್ತಿತ್ತು. ಸಂಘ ಶುರುವಾದ 2002ರಿಂದಲೂ ಅವರೇ ಅದರ ಪ್ರತಿನಿಧಿ. ಹದಿನಾಲ್ಕು ವರ್ಷ ಸಂಘ ಎಂದರೆ ದೊಡ್ಡಕ್ಕ, ದೊಡ್ಡಕ್ಕ ಎಂದರೆ ಸಂಘ. ಈಗ ಅವರ ಜಾಗದಲ್ಲಿ ಯಾರು ಎಂಬ ಪ್ರಶ್ನೆ ಬಂದಿತ್ತು.

"ಟೀಚರಮ್ಮ, ನೀವೇ ಹೇಳಿ. ಇನ್ಮೇಲೆ ಒಬ್ರುನ್ನೇ ಇಟ್ಕೊಳೋಣ್ವಾ? ಇಲ್ಲಾ ಐದ್ ಜನುದ್ದು ಕಮಿಟಿ ಮಾಡ್ಕೊಳೋಣ್ವಾ?"

ನಾನು ತಟ್ಟನೆ ಉತ್ತರ ಕೊಟ್ಟುಬಿಟ್ಟೆ. ಟೀಚರುಗಳಿಗೆ ಅದೊಂದು ಕೆಟ್ಟ ಅಭ್ಯಾಸ. ಯಾರಾದರೂ ಪ್ರಶ್ನೆ ಕೇಳಿದರೆ ಗೊತ್ತಿದೆಯೋ ಇಲ್ಲವೋ ಉತ್ತರ ಹೊರಗೆ ಬಂದುಬಿಡುತ್ತದೆ. "ಒಬ್ಬರನ್ನೇ ನಂಬಿ ಏನಾಯಿತು ನೋಡಿದಿರಲ್ಲ, ಕಮಿಟಿ ಮಾಡಿಕೊಳ್ಳಿ" ಎಂದೆ. ಆ ಉತ್ತರ ಅರ್ಧ ಸರಿ, ಅರ್ಧ ತಪ್ಪು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅದಕ್ಕೆ ಬೆಲೆ ಕೊಟ್ಟವಳು ನಾನಲ್ಲ, ಬೇರೊಬ್ಬಳು. ಆ ಕಥೆಯನ್ನು ಹೇಳಿಕೊಳ್ಳದೆ ಈ ವಿಷಯದ ಬಗ್ಗೆ ಬರೆಯುವ ಹಕ್ಕು ನನಗಿಲ್ಲ.

ಮೊದಲು ದೊಡ್ಡಕ್ಕನ ಕಾಲದ ಮಾತು ಹೇಳುತ್ತೇನೆ.

ನಾಗಮಂಗಲ ತಾಲ್ಲೂಕು ಮಂಡ್ಯ ಜಿಲ್ಲೆಯಲ್ಲೇ ಇದ್ದರೂ, ಮಂಡ್ಯ ಎಂದ ಕೂಡಲೇ ನಿಮ್ಮ ಕಣ್ಣಿಗೆ ಬರುವ ನಾಲೆ, ಕಬ್ಬು, ಬತ್ತದ ಗದ್ದೆ ಇಲ್ಲಿಯ ಚಿತ್ರವಲ್ಲ. ನಮ್ಮದು ರಾಗಿ, ಹುರುಳಿ, ತೆಂಗಿನ ಸೀಮೆ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಕಡೆ ಹೆಂಗಸರ ಕೈಯಲ್ಲಿ ನಾಲ್ಕು ಕಾಸು ಇರುವುದು ಎಂದರೆ ಏನು ಎಂಬುದು ಕೈಯಲ್ಲಿ ಕಾಸಿಲ್ಲದೆ ಬಾಳಿದವರಿಗೇ ಗೊತ್ತು. ಕರ್ನಾಟಕ ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭಿಸಿದಾಗ ಹದಿನೈದು ಇಪ್ಪತ್ತು ಹೆಂಗಸರು ಸೇರಿ ವಾರವಾರ ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಟ್ಟು ತೆಗೆದುಕೊಳ್ಳುವ ಸಂಘಗಳು ಹಳ್ಳಿಹಳ್ಳಿಯಲ್ಲೂ ಹುಟ್ಟಿದವು. ಹನಿಹನಿ ಕೂಡಿದರೆ ಹಳ್ಳ ಎನ್ನುವುದನ್ನು ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ವಾರಕ್ಕೆ ಹತ್ತು ರೂಪಾಯಿಯಿಂದ ಶುರುವಾದದ್ದು ಆಮೇಲೆ ಇಪ್ಪತ್ತಾಯಿತು, ಐವತ್ತಾಯಿತು.

ದೊಡ್ಡಕ್ಕ ಓದಿದ್ದು ಏಳನೇ ಕ್ಲಾಸು. ಆದರೆ ಯಾರ ಮನೆಯಲ್ಲಿ ಯಾವತ್ತು ಒಲೆ ಹಚ್ಚಿಲ್ಲ, ಯಾರ ಗಂಡ ಹೆಂಡತಿಯ ಸಾಲದ ದುಡ್ಡನ್ನು ಕುಡಿದು ಮುಗಿಸುತ್ತಾನೆ, ಯಾರ ಮಗಳು ಬಾಣಂತನಕ್ಕೆ ಬರುತ್ತಾಳೆ ಎಲ್ಲ ಅವರಿಗೆ ಗೊತ್ತು. ಒಂದು ರಾತ್ರಿ ಕೂಲಿಯವಳೊಬ್ಬಳ ಮಗುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಹನ್ನೊಂದು ಗಂಟೆಯಲ್ಲಿ ದೊಡ್ಡಕ್ಕ ಪೆಟ್ಟಿಗೆ ತೆಗೆದು ದುಡ್ಡು ಕೊಟ್ಟು, ಆಟೋ ಮಾಡಿಸಿ, ತಾವೂ ಜೊತೆಗೆ ಹೋದರು. ಠರಾವು ಇಲ್ಲ, ಸಭೆ ಇಲ್ಲ, ಸಹಿ ಇಲ್ಲ. ಮಗು ಉಳಿಯಿತು. ಹತ್ತು ಜನ ಸೇರಿ ತೀರ್ಮಾನ ಮಾಡುವ ಹೊತ್ತಿಗೆ ಏನಾಗಿರುತ್ತಿತ್ತೋ! ಬಹಳ ಜನ ಸೇರಿದರೆ ಹಾವು ಸಾಯುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಲೆಕ್ಕದ ಪುಸ್ತಕ ದೊಡ್ಡಕ್ಕನ ಮನೆಯಲ್ಲಿ. ಬ್ಯಾಂಕಿನ ಪಾಸ್‌ಬುಕ್ ದೊಡ್ಡಕ್ಕನ ಮನೆಯಲ್ಲಿ. ಬ್ಯಾಂಕಿನಲ್ಲಿ ಇಬ್ಬರು ಪ್ರತಿನಿಧಿಗಳ ಸಹಿ ಬೇಕು ಎಂಬುದೇನೋ ಇತ್ತು. ಆದರೆ ಎರಡನೆಯ ಪ್ರತಿನಿಧಿ ದೊಡ್ಡಕ್ಕ ತೋರಿಸಿದ ಕಡೆ ಸಹಿ ಹಾಕಿ ಬರುತ್ತಿದ್ದರು. "ಅಕ್ಕ ಅವ್ರಲ್ಲ, ನಾವ್ಯಾಕೆ ನೋಡ್ಬೇಕು" ಎನ್ನುವುದೇ ಎಲ್ಲರ ಬಾಯಲ್ಲೂ. ಪ್ರತಿವರ್ಷ ಮಾರ್ಚ್ ಕೊನೆಯಲ್ಲಿ ದೊಡ್ಡಕ್ಕ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಶಾಲೆಗೆ ಬರುತ್ತಿದ್ದರು. "ಓದಿರೋರು ಒಂದ್ಸಲ ನೋಡಿದ್ರೆ ಸಮಾಧಾನ" ಎನ್ನುತ್ತಿದ್ದರು. ನಾನು ಕೂಡಿದ್ದು ಕಳೆದದ್ದನ್ನು ನೋಡಿ, ಕೆಳಗೆ "ಸರಿ ಇದೆ" ಎಂದು ಬರೆದು ಸಹಿ ಹಾಕುತ್ತಿದ್ದೆ. ಪಾಸ್‌ಬುಕ್ ಪಕ್ಕಕ್ಕಿಟ್ಟು ತಾಳೆ ನೋಡಿದ್ದು ಒಂದು ವರ್ಷವೂ ಇಲ್ಲ. ಕೇಳಿದರೆ ಅವರು ನೊಂದುಕೊಂಡಾರು ಎನ್ನುವ ಸಂಕೋಚ. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ದೊಡ್ಡಕ್ಕನಿಗೆ ಲಕ್ವ ಹೊಡೆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. 23,400 ರೂಪಾಯಿ ತಾಳೆಯಾಗಲಿಲ್ಲ.

ಅದು ಕಳ್ಳತನವಲ್ಲ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಮಗುವಿನ ಜ್ವರದ ರಾತ್ರಿ ಕೊಟ್ಟ ಹಾಗೆ ಯಾರ್‍ಯಾರಿಗೋ ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ಟ ದುಡ್ಡು ಅದು. ಬರೆಯುವುದು ಹಿಂದೆ ಬಿದ್ದಿತ್ತು. ಆದರೆ ಯಾರಿಗೆ, ಎಷ್ಟು ಎನ್ನುವುದು ಇದ್ದದ್ದು ದೊಡ್ಡಕ್ಕನ ತಲೆಯಲ್ಲಿ. ಆ ತಲೆಯಿಂದ ಮಾತಾಗಿ ಹೊರಗೆ ಬರುವ ದಾರಿ ಮುಚ್ಚಿಹೋಗಿತ್ತು. ಮೂರು ವಾರದಲ್ಲಿ ಕೆಲವರು ತಾವಾಗಿಯೇ ಬಂದು "ನಾನು ಇಷ್ಟು ಈಸ್ಕೊಂಡಿದ್ದೆ" ಎಂದು ಒಪ್ಪಿಕೊಂಡರು. 15,900 ಸಿಕ್ಕಿತು. ಉಳಿದ 7,500ಕ್ಕೆ ಯಾರೂ ಬಾಯಿ ಬಿಡಲಿಲ್ಲ. ಒಂದು ತಿಂಗಳು ಕಳೆಯುವ ಹೊತ್ತಿಗೆ, ಯಾರ ಕಷ್ಟಕ್ಕೆ ದೊಡ್ಡಕ್ಕ ನಡುರಾತ್ರಿ ಎದ್ದಿದ್ದರೋ ಅದೇ ಊರಿನ ನಲ್ಲಿಕಟ್ಟೆಯಲ್ಲಿ "ಅಕ್ಕನೇ ತಿಂದ್ಕಂಡ್ಳಂತೆ" ಎನ್ನುವ ಮಾತು ಹುಟ್ಟಿತು. ಮಾತು ಬಾರದ ಹೆಂಗಸಿನ ಮೇಲೆ ಹೊರಿಸಿದ ಅಪವಾದಕ್ಕೆ ಉತ್ತರ ಕೊಡುವವರು ಯಾರು? ನಾನು ಹದಿನಾಲ್ಕು ವರ್ಷ "ಸರಿ ಇದೆ" ಎಂದು ಬರೆದು ಅವರನ್ನು ಕಾಪಾಡಿದೆನೆಂದುಕೊಂಡಿದ್ದೆ. ನಿಜವಾಗಿ ಅವರ ಬೆನ್ನಿಗೆ ಇರಬೇಕಾದ ಗೋಡೆಯನ್ನು ಕಟ್ಟದೆ ಬಿಟ್ಟಿದ್ದೆ. ವರ್ಷಕ್ಕೊಮ್ಮೆ ಕಣ್ಣುಬಿಟ್ಟು ಲೆಕ್ಕ ಕೇಳಿದ್ದಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ.

ಅದಕ್ಕೇ ಆ ಶನಿವಾರ ಅಷ್ಟು ಖಡಾಖಂಡಿತವಾಗಿ ಕಮಿಟಿ ಎಂದುಬಿಟ್ಟೆ. ಐದು ಜನರ ಕಮಿಟಿ ಆಯಿತು. ಸಲಹೆಗೆ ನಾನು. ಎಲ್ಲದಕ್ಕೂ ಠರಾವು, ಠರಾವಿಗೆ ಐದು ಸಹಿ. ಪುಸ್ತಕ ಮುತ್ತಿನಂತೆ ಇತ್ತು. ಒಂದು ಪೈಸೆ ಅತ್ತಿತ್ತ ಆಗುವಂತಿರಲಿಲ್ಲ.

2017ರಲ್ಲಿ ಸಂಘದ ಒಬ್ಬ ವಿಧವೆಯ ಮಗಳು ಪಿಯುಸಿ ಮುಗಿಸಿದಳು. ನನ್ನ ಕೈಯಲ್ಲೇ ಹೈಸ್ಕೂಲು ಓದಿದ ಹುಡುಗಿ. ನರ್ಸಿಂಗ್ ಓದಲು ಸೀಟು ಸಿಕ್ಕಿತು. ಹದಿನೈದು ದಿನದೊಳಗೆ ಹನ್ನೆರಡು ಸಾವಿರ ಕಟ್ಟಬೇಕು. ತಾಯಿ ಸಂಘಕ್ಕೆ ಅರ್ಜಿ ಕೊಟ್ಟಳು. ಮೊದಲ ವಾರ ಐವರಲ್ಲಿ ಇಬ್ಬರು ಬಂದಿರಲಿಲ್ಲ, ಮುಂದಿನ ವಾರಕ್ಕೆ ಇಡೋಣ ಎಂದಾಯಿತು. ಎರಡನೆಯ ವಾರ ಒಬ್ಬರು "ಹಳೇ ಬಾಕಿ ಇರೋರಿಗೆ ಮತ್ತೆ ಕೊಡಬೌದಾ?" ಎಂದರು. ಇನ್ನೊಬ್ಬರು "ಕೊಡಬೌದು, ಆದ್ರೆ ಎಲ್ಲಾರೂ ಒಪ್ಪಬೇಕು" ಎಂದರು. ಮೂರನೆಯವರು ನನ್ನ ಮುಖ ನೋಡಿದರು. ನಾನು "ನೀವೆಲ್ಲ ಸೇರಿ ತೀರ್ಮಾನ ಮಾಡಿ" ಎಂದೆ. ಕೊನೆಗೆ ಕೊಡುವುದು ಎಂದೇ ಆಯಿತು. ಆದರೆ ಸಹಿ ಹಾಕಬೇಕಾದವರಲ್ಲಿ ಒಬ್ಬರು ಮಗಳ ಹೆರಿಗೆಗೆ ಹಾಸನಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ದಿನ ಮೀರಿತ್ತು.

ಆ ಹುಡುಗಿ ಗಾರ್ಮೆಂಟ್ಸ್ ಸೇರಿದಳು. ಬೆಳಗ್ಗೆ ಕತ್ತಲಿರುವಾಗಲೇ ಬರುವ ಕಂಪನಿ ಬಸ್ಸಿಗೆ ಬುತ್ತಿ ಹಿಡಿದು ನಿಂತಿರುತ್ತಿದ್ದಳು. ಒಂದು ದಿನ ಎದುರು ಸಿಕ್ಕಾಗ "ಚೆನ್ನಾಗಿದ್ದೀನಿ ಮಿಸ್" ಎಂದಳು. ನಾನೇ ಕೇಳಬೇಕಾಗಿದ್ದ ಪ್ರಶ್ನೆಗೆ ಅವಳೇ ಮುಂದಾಗಿ ಉತ್ತರ ಕೊಟ್ಟಿದ್ದಳು.

ಆ ರಾತ್ರಿ ನಾನು ಯೋಚಿಸಿದ್ದು ಇದು: ಅವಳಿಗೆ ಸಾಲ ಬೇಡ ಎಂದವರು ಯಾರು? ಯಾರೂ ಇಲ್ಲ. ಐದು ಜನರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಎಲ್ಲರಿಗೂ ಅವಳ ಮೇಲೆ ಮರುಕವಿತ್ತು. ಹಾಗಿದ್ದರೂ ಅವಳ ಬದುಕಿನ ಒಂದು ಬಾಗಿಲು ಮುಚ್ಚಿತು, ಮುಚ್ಚಿದ ಕೈ ಯಾರದೆಂದು ಹುಡುಕಿದರೆ ಕೈಯೇ ಇಲ್ಲ. ದೊಡ್ಡಕ್ಕ ಇದ್ದಿದ್ದರೆ ಅದೇ ಸಂಜೆ ದುಡ್ಡು ಎಣಿಸಿ ಕೊಡುತ್ತಿದ್ದರು. ಕೊಡದಿದ್ದರೆ ಅವಳ ತಾಯಿ "ದೊಡ್ಡಕ್ಕ ಕೊಡಲಿಲ್ಲ" ಎಂದು ಬೈಯಲಾದರೂ ಆಗುತ್ತಿತ್ತು. ಕಮಿಟಿಯನ್ನು ಬೈಯುವುದು ಹೇಗೆ? ಮೋಡವನ್ನು ಬೈದ ಹಾಗೆ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಮೈಸೂರಿನ ಇತಿಹಾಸದ ಒಂದು ಭಾಗವನ್ನು ಎಷ್ಟೋ ವರ್ಷ ಪಾಠ ಮಾಡಿದ್ದರೂ ಅದರ ಅರ್ಥ ತಲೆಗೆ ಹೋದದ್ದು ಆ ವರ್ಷವೇ. ನಗರ ಪ್ರಾಂತದ ರೈತರ ದಂಗೆಯ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಆಗ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿಗೆ ಒಬ್ಬ ಕಮಿಷನರನ್ನು ನೇಮಿಸಲಿಲ್ಲ. ಹಿರಿಯ ಕಮಿಷನರ್ ಬ್ರಿಗ್ಸ್, ಕಿರಿಯ ಕಮಿಷನರ್ ಲಷಿಂಗ್ಟನ್ ಎಂದು ಇಬ್ಬರ ಮಂಡಲಿ ಮಾಡಿದ. ಒಬ್ಬರ ಮೇಲೆ ಒಬ್ಬರ ಕಣ್ಣಿರಲಿ ಎನ್ನುವ ಲೆಕ್ಕಾಚಾರ ಇದ್ದಿರಬೇಕು. ಇಬ್ಬರಿಗೂ ಒಮ್ಮತವಾಗಲಿಲ್ಲ, ಕೆಲಸ ಕುಂಟಿತು. 1834ರಲ್ಲಿ ಆ ಏರ್ಪಾಟನ್ನೇ ಕೈಬಿಟ್ಟು ಕಮಿಷನರ್ ಒಬ್ಬನೇ ಸಾಕು ಎಂದರು. ಅದೇ ವರ್ಷ ಆ ಹುದ್ದೆಗೆ ಬಂದ ಮಾರ್ಕ್ ಕಬ್ಬನ್ 1861ರವರೆಗೆ, ಇಪ್ಪತ್ತೇಳು ವರ್ಷ ಒಬ್ಬನೇ ಆಳಿದ. ಬೆಂಗಳೂರಿನ ಕಬ್ಬನ್ ಪಾರ್ಕು ನೋಡಿದವರಿಗೆಲ್ಲ ಆತನ ಹೆಸರು ಗೊತ್ತು. ಆದರೆ ಎಲ್ಲವೂ ಒಬ್ಬನ ಮೇಜಿನ ಮೇಲೇ ನಡೆದ ಮೇಲೆ ಅವನ ನಂತರ ಬಂದ ಬೌರಿಂಗ್ ಆಡಳಿತವನ್ನು ವಿಭಾಗ, ಜಿಲ್ಲೆ, ಇಲಾಖೆ ಎಂದು ಹೊಸದಾಗಿ ಹಂಚಿ ಕಟ್ಟಬೇಕಾಯಿತು.

ಇಬ್ಬರನ್ನಿಟ್ಟರೆ ಜಗಳ, ಒಬ್ಬನನ್ನಿಟ್ಟರೆ ಎಲ್ಲ ಅವನ ತಲೆಯ ಮೇಲೆ. ನಮ್ಮ ಹಳ್ಳಿಯ ಸಂಘದ ಕಥೆಯನ್ನೇ ಇತಿಹಾಸ ತಿರುಗಿಸಿ ಹೇಳಿದ ಹಾಗಿತ್ತು.

ಈ ಪಾಠಕ್ಕೆ ಇನ್ನೊಂದು ಪುಟವಿದೆ. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂದಾಗ ದಿವಾನ್ ರಂಗಾಚಾರ್ಲು ಅದೇ ವರ್ಷ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಮೊದಲ ಸಭೆಗೆ 144 ಮಂದಿ. ಅವರಿಗೆ ಆಳುವ ಅಧಿಕಾರವಿರಲಿಲ್ಲ, ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಆಳುವವರು ದಿವಾನರೇ. ಆದರೆ ದಿವಾನರು ಎದ್ದುನಿಂತು ಕಳೆದ ವರ್ಷ ಏನು ಮಾಡಿದೆವು, ಎಷ್ಟು ಖರ್ಚಾಯಿತು ಎಂದು ಒಪ್ಪಿಸಬೇಕು. ಊರುಗಳಿಂದ ಬಂದವರು ಕೂತು ಕೇಳಿಸಿಕೊಂಡು ತಮ್ಮ ದೂರು ದುಮ್ಮಾನ ಹೇಳಬೇಕು. ಇಷ್ಟೆಯೇ ಎಂದು ಮಕ್ಕಳು ಕೇಳುತ್ತಾರೆ. ಬಡವರಿಗೂ ಹೆಂಗಸರಿಗೂ ಆ ಸಭೆಯಲ್ಲಿ ಜಾಗವಿರಲಿಲ್ಲ ಎನ್ನುವುದೂ ನಿಜ. ಆದರೂ ಮಾಡುವವನೊಬ್ಬ, ಅವನನ್ನು ಕೇಳುವವರು ಹಲವರು ಎನ್ನುವ ಏರ್ಪಾಟು ಅಲ್ಲಿ ಮೊಳಕೆಯೊಡೆದಿತ್ತು.

ನನ್ನ ತಪ್ಪು ಎಲ್ಲಿತ್ತು ಎಂಬುದು ಆಗ ಹೊಳೆಯಿತು. ದೊಡ್ಡಕ್ಕನ ಕಾಲದಲ್ಲಿ ಮಾಡುವವರಿದ್ದರು, ಕೇಳುವವರಿರಲಿಲ್ಲ. ಕಮಿಟಿಯ ಕಾಲದಲ್ಲಿ ಐದೂ ಜನ ಕೇಳುವವರೇ ಆದರು, ಮಾಡುವವರು ಯಾರೂ ಉಳಿಯಲಿಲ್ಲ. ಒಬ್ಬರೋ ಹಲವರೋ ಎಂದು ನಾವು ತಲೆ ಎಣಿಸುತ್ತಾ ಕೂತಿದ್ದೆವು. ಎಣಿಸಬೇಕಾದದ್ದು ಬೇರೆ ಇತ್ತು: ಈ ಕೆಲಸಕ್ಕೆ ಇಂಥವರೇ ಎಂಬ ಹೆಸರಿದೆಯೇ? ಆ ಹೆಸರಿನವರನ್ನು ಕೇಳುವ ಬಾಯಿ ಇದೆಯೇ?

ಆದರೆ ಕೇಳುವುದೇ ನಮಗೆ ಕಷ್ಟ. ಅದರಲ್ಲೂ ಹೆಂಗಸರಿಗೆ. ನನ್ನ ಅತ್ತೆಯವರ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುತ್ತಿತ್ತು. ಅಟ್ಟದಲ್ಲಿ ಎಷ್ಟು ಪಲ್ಲ ರಾಗಿ ಇದೆ, ತೆಂಗಿನಕಾಯಿ ಮಾರಿದ್ದು ಎಷ್ಟು ಬಂತು ಎಂದು ನಾಲ್ವರು ಸೊಸೆಯರಲ್ಲಿ ಒಬ್ಬಳೂ ಕೇಳಿದವಳಲ್ಲ. ಕೇಳುವುದೆಂದರೆ ಎದುರುತ್ತರ ಕೊಟ್ಟ ಹಾಗೆ. ಒಳ್ಳೆಯ ಮನೆತನದ ಸೊಸೆ ಕೇಳಬಾರದು. ಅವರು ತೀರಿಕೊಂಡಾಗ ಯಾವ ಬೀಗದ ಕೈ ಯಾವ ಪೆಟ್ಟಿಗೆಗೆ ಎಂದು ತಿಳಿಯದೆ ಎರಡು ಬೀಗ ಒಡೆಸಬೇಕಾಯಿತು. ನಾವು ಕೇಳದೆ ಇದ್ದದ್ದು ಗೌರವದಿಂದಲೇ? ಪ್ರಾಮಾಣಿಕವಾಗಿ ಹೇಳುವುದಾದರೆ ಅರ್ಧ ಗೌರವ, ಅರ್ಧ ಆರಾಮ. ಕೇಳಿದರೆ ತಿಳಿಯುತ್ತದೆ, ತಿಳಿದರೆ ಜವಾಬ್ದಾರಿ ಬರುತ್ತದೆ. ಅವರು ನೋಡಿಕೊಳ್ಳುತ್ತಾರೆ ಬಿಡು ಎನ್ನುವಷ್ಟು ಸುಖ ಇನ್ನೊಂದಿಲ್ಲ.

ಹೊರಗಿನ ಬದುಕಿನಲ್ಲೂ ಇದನ್ನೇ ನೋಡಿದ್ದೇವೆ. ನಾನು ಹುಡುಗಿಯಾಗಿದ್ದಾಗ ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. ಹಳ್ಳಿಗಳಲ್ಲಿ ಬೋರ್‌ವೆಲ್ ತೋಡಿಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದರು. ನಮ್ಮಂಥ ಒಣ ಸೀಮೆಯ ಹೆಂಗಸರಿಗೆ ಕೈಪಂಪು ಎಂದರೆ ಏನು ಎಂಬುದು ಎರಡು ಮೈಲಿ ಬಿಂದಿಗೆ ಹೊತ್ತ ಸೊಂಟಕ್ಕೆ ಗೊತ್ತು. ಅಷ್ಟು ಜನಪ್ರೀತಿ ಗಳಿಸಿದ ಮನುಷ್ಯ ಎಲ್ಲವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಳ್ಳಬಹುದಿತ್ತು. ಅವರು ಮಾಡಿದ್ದು ಅದಕ್ಕೆ ವಿರುದ್ಧ. 1983ರ ಕಾಯಿದೆಯ ಮೂಲಕ ಅಧಿಕಾರವನ್ನು ಜಿಲ್ಲಾ ಪರಿಷತ್ತಿಗೆ, ಮಂಡಲ ಪಂಚಾಯ್ತಿಗೆ ಹಂಚಲು ದುಡಿದರು. 1987ರ ಚುನಾವಣೆಯಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಮರುವರ್ಷವೇ, 1988ರಲ್ಲಿ, ಅವರು ತೀರಿಕೊಂಡರು. ಅವರು ಹೋದರೂ ಏರ್ಪಾಟು ಉಳಿಯಿತು, ಬೆಳೆಯಿತು; ಗ್ರಾಮ ಪಂಚಾಯ್ತಿಯಲ್ಲಿ ಈಗ ಅರ್ಧದಷ್ಟು ಸ್ಥಾನ ಹೆಂಗಸರಿಗೇ ಇದೆ. ಆದರೆ ಆ ಕುರ್ಚಿಯಲ್ಲಿ ಕೂತ ಎಷ್ಟೋ ಅಕ್ಕತಂಗಿಯರು ಗಂಡನೋ ಮೈದುನನೋ ತೋರಿಸಿದ ಕಡೆ ಸಹಿ ಹಾಕುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅವರನ್ನು ನೋಡಿ ನಗುವ ಹಾಗಿಲ್ಲ. ಬಿ.ಎ., ಬಿ.ಎಡ್. ಮಾಡಿದ ನಾನು ಹದಿನಾಲ್ಕು ವರ್ಷ ಮಾಡಿದ್ದು ಇನ್ನೇನು? ಒಬ್ಬ ದೊಡ್ಡ ಮನುಷ್ಯ ಕೇಳುವ ಹಕ್ಕನ್ನು ನಮ್ಮ ಮಡಿಲಿಗೆ ಹಾಕಿ ಹೋಗಬಹುದು. ಕೇಳುವ ಕೆಲಸವನ್ನು ಮಾತ್ರ ನಮ್ಮ ಪರವಾಗಿ ಯಾರೂ ಮಾಡಲಾರರು.

ಕೇಳಿದರೆ ಅಪನಂಬಿಕೆಯಾಗುವುದಿಲ್ಲವೇ? ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ನನ್ನ ಅಜ್ಜಿಯ ಒಂದು ಹಳೆಯ ಮಾತಿನಲ್ಲಿ.

ಅಜ್ಜಿಯ ತವರು ಪಾಂಡವಪುರದ ಕಡೆ. ಚಿಕ್ಕವಳಿದ್ದಾಗ ಒಂದು ಸಲ ನನ್ನನ್ನು ಮೇಲುಕೋಟೆಯ ವೈರಮುಡಿಗೆ ಕರೆದುಕೊಂಡು ಹೋಗಿದ್ದರು. ಚೆಲುವನಾರಾಯಣಸ್ವಾಮಿಯ ಆ ವಜ್ರದ ಕಿರೀಟ ವರ್ಷವೆಲ್ಲ ದೇವಸ್ಥಾನದಲ್ಲಿ ಇರುವುದಿಲ್ಲ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ಇರುತ್ತದೆ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಹೊರಟು, ದಾರಿಯ ಊರುಗಳಲ್ಲಿ ಪೂಜೆ ಮಾಡಿಸಿಕೊಳ್ಳುತ್ತಾ ಮೇಲುಕೋಟೆ ಸೇರುತ್ತದೆ. ಅಲ್ಲಿ ಅಧಿಕಾರಿಗಳು, ದೇವಸ್ಥಾನದವರು ಎಲ್ಲರ ಎದುರು ಒಡವೆಗಳ ಪಾರ್ಕಾವಣೆ ನಡೆಯುತ್ತದೆ. ಇದ್ದದ್ದು ಇದ್ದಹಾಗೆ ಇದೆಯೇ ಎಂದು ನೋಡಿ ಒಪ್ಪಿಸಿಕೊಂಡ ಮೇಲೆಯೇ ದೇವರ ಮುಡಿಗೆ. ಆ ರಾತ್ರಿ ಜನಸಾಗರದ ನಡುವೆ ನಿದ್ದೆಗಣ್ಣಿನಲ್ಲಿ ಅಜ್ಜಿಯನ್ನು ಕೇಳಿದ್ದೆ: "ದೇವ್ರ ಒಡವೇನ ಯಾರಾದ್ರೂ ಕದೀತಾರಾ ಅಜ್ಜಿ? ಯಾಕೆ ನೋಡ್ತಾರೆ?"

ಅಜ್ಜಿ ಹೇಳಿದ್ದು: "ಕದೀತಾರೆ ಅಂತಲ್ಲ ಕಣೆ. ಒಪ್ಪುಸ್ಕೊಂಡು ಕೊಟ್ರೆ ಕೊಟ್ಟೋನು ಮನೆಗೋಗಿ ನೆಮ್ಮದಿಯಾಗಿ ಮಲೀಕೊತಾನೆ."

ಎಷ್ಟು ದೊಡ್ಡ ಮಾತು! ಲೆಕ್ಕ ಕೇಳುವುದು ಕೇಳಿಸಿಕೊಳ್ಳುವವರ ನೆಮ್ಮದಿಗೆ. ದೇವರ ಸೇವೆ ಮಾಡುವವರನ್ನು ಎಲ್ಲರೆದುರು ಒಡವೆ ಒಪ್ಪಿಸಿ ಎನ್ನುವುದು ಅವರಿಗೆ ಅವಮಾನವಾಗುವುದಾದರೆ ಆ ಸಂಪ್ರದಾಯ ಇಷ್ಟು ಕಾಲ ನಡೆಯುತ್ತಿತ್ತೇ? ಇಷ್ಟಾಗಿಯೂ ಕಿರೀಟವನ್ನು ಎತ್ತಿ ದೇವರಿಗೆ ತೊಡಿಸಲು ಕಮಿಟಿ ಹೋಗುವುದಿಲ್ಲ. ತೊಡಿಸುವುದು ಅರ್ಚಕರ ಕೈ. ಸುತ್ತ ನೋಡುವುದು ಹತ್ತು ಜನರ ಕಣ್ಣು. ದೊಡ್ಡಕ್ಕನಿಗೆ ನಾವು ಕೈ ಕೊಟ್ಟಿದ್ದೆವು, ಕಣ್ಣು ಕೊಟ್ಟಿರಲಿಲ್ಲ.

ಇಷ್ಟು ತಿಳಿದ ಮೇಲೆ ಮತ್ತೆ ಆ ಜಗುಲಿಗೆ ಹೋದೆ. ನನ್ನ ಸಲಹೆ ತಪ್ಪಾಯಿತು ಎಂದು ಎಲ್ಲರೆದುರು ಹೇಳಿದೆ. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ಅವರೇ ಕೂತು ಮಾತಾಡಿ ಕೆಲವು ಕಟ್ಟಳೆ ಮಾಡಿಕೊಂಡರು. ಎರಡು ವರ್ಷಕ್ಕೆ ಒಬ್ಬರು ಮುಖಂಡರು, ಆಮೇಲೆ ಬೇರೊಬ್ಬರು. ಐದು ಸಾವಿರದವರೆಗೆ ತುರ್ತು ಸಾಲವನ್ನು ಮುಖಂಡರು ತಾವೇ ಕೊಡಬಹುದು. ಆದರೆ ಅದೇ ವಾರದ ಸಭೆಯಲ್ಲಿ ಯಾರಿಗೆ, ಯಾಕೆ ಎಂದು ಹೇಳಬೇಕು. ಸಾಲ ತೆಗೆದುಕೊಂಡವರೂ ಎದ್ದುನಿಂತು "ನಾನು ಇಷ್ಟು ತಗೊಂಡಿದ್ದೀನಿ" ಎಂದು ಬಾಯಿಬಿಟ್ಟು ಹೇಳಬೇಕು. ಓದು ಬಾರದವರ ಕಿವಿಗೂ ಲೆಕ್ಕ ಬೀಳಲಿ ಎಂದು. ದೊಡ್ಡ ಸಾಲದ ಅರ್ಜಿಗೆ ಒಂದು ವಾರದೊಳಗೆ ಉತ್ತರ ಕೊಡಬೇಕು. ಬೇಡ ಎನ್ನುವವರು ತಮ್ಮ ಹೆಸರನ್ನೂ ಕಾರಣವನ್ನೂ ಬರೆಸಬೇಕು. ಮುಂದಿನ ವಾರ ನೋಡೋಣ ಎನ್ನುವವರ ಹೆಸರನ್ನೂ ಬರೆಯಬೇಕು. ಈ ಕೊನೆಯದನ್ನು ಹೇಳಿದ್ದು ಆ ಹುಡುಗಿಯ ತಾಯಿ. ಅವಳು ಹೇಳುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಾಸ್‌ಬುಕ್ಕನ್ನು ಪುಸ್ತಕದ ಜೊತೆ ತಾಳೆ ನೋಡುವುದು ತಿಂಗಳಿಗೊಬ್ಬರ ಸರದಿ.

ಇದರಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೇಳುವುದನ್ನು ಕಲಿತ ಹೊಸದರಲ್ಲಿ ಕೆಲವರು ಕುಟುಕುವುದನ್ನೂ ಕಲಿತರು. ಒಬ್ಬ ಮುಖಂಡರು "ನನ್ನನ್ನ ಕಳ್ಳಿ ಮಾಡ್ತೀರಾ" ಎಂದು ಅತ್ತು ಪುಸ್ತಕ ಬಿಸಾಕಿ ಹೋದರು. ಎರಡು ವಾರ ಕಳೆದ ಮೇಲೆ ಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆತಂದೆವು. ಕೇಳುವ ದನಿಯಲ್ಲೂ ಒಂದು ಮರ್ಯಾದೆ ಬೇಕು ಎಂಬುದು ಆಗ ಗೊತ್ತಾಯಿತು. ದೊಡ್ಡಕ್ಕನಷ್ಟು ಊರಿನ ಕಷ್ಟ ಬಲ್ಲವರು ಮತ್ತೆ ಸಿಗಲಿಲ್ಲ. ಅಂಥವರನ್ನು ಕಟ್ಟಳೆಯಿಂದ ಹುಟ್ಟಿಸಲು ಆಗುವುದಿಲ್ಲ; ಸಿಕ್ಕಾಗ ಉಳಿಸಿಕೊಳ್ಳಬಹುದು, ಅಷ್ಟೆ. ನಾವು ಉಳಿಸಿಕೊಳ್ಳಲಿಲ್ಲ.

ದೊಡ್ಡಕ್ಕ ಎರಡು ವರ್ಷ ಹಾಸಿಗೆಯಲ್ಲೇ ಇದ್ದು ತೀರಿಕೊಂಡರು. ಅದಕ್ಕೆ ಮೊದಲು ಒಂದು ದಿನ ಲೆಕ್ಕದ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಸಿಕ್ಕಿದ ಹೆಸರುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಪ್ರತಿ ಹೆಸರಿಗೂ ಎಡಗೈಯಿಂದ ಮಂಚವನ್ನು ಮೆಲ್ಲಗೆ ತಟ್ಟಿದರು. ಓದಿ ಮುಗಿಸಿ "7,500 ಉಳಿದಿದೆ ಅಕ್ಕಾ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಯಾರಿಗೆ ಕೊಟ್ಟಿದ್ದರೋ ಆ ಹೆಸರು ಅವರಿಗೆ ನೆನಪಿತ್ತೇ, ನೆನಪಿದ್ದರೂ ಆ ಬಡವಳನ್ನು ಮುಚ್ಚಿಟ್ಟರೇ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಹಣವನ್ನು ನಾನೇ ಕಟ್ಟಿಬಿಡುತ್ತೇನೆ ಎಂದು ಸಂಘದ ಮುಂದೆ ಹೇಳಿದೆ. "ಸರಿ ಇದೆ" ಎಂದು ಬರೆದವಳು ನಾನು, ನನ್ನ ಸಂಬಳದಲ್ಲಿ ಅದೊಂದು ದೊಡ್ಡ ಮೊತ್ತವಲ್ಲ, ಕೊಟ್ಟು ಋಣ ಹರಿದುಕೊಳ್ಳೋಣ ಎನಿಸಿತ್ತು. ಆ ಹುಡುಗಿಯ ತಾಯಿಯೇ ಬೇಡ ಎಂದಳು.

"ದುಡ್ಡು ಕೊಟ್ಟು ಮುಗುಸ್ಬ್ಯಾಡಿ ಟೀಚರಮ್ಮ. ತಿಂಗಳಿಗೊಂದ್ಸಲ ಬಂದು ಲೆಕ್ಕ ಕೇಳಿ."

ಅವಳು ಬೇಡ ಎಂದದ್ದನ್ನು ಹೆಸರು, ಕಾರಣ ಸಮೇತ ಪುಸ್ತಕದಲ್ಲಿ ಬರೆದುಕೊಂಡೆವು. 7,500 ಬಾಕಿಯೂ ಪ್ರತಿವರ್ಷ ಮುಂದಿನ ಪುಟಕ್ಕೆ ಹೋಗುತ್ತಿದೆ. ಅದರ ಮುಂದೆ ಹೆಸರಿನ ಜಾಗ ಖಾಲಿ. ಈಗ ನಾನು ಪಾಸ್‌ಬುಕ್ ನೋಡದೆ ಸಹಿ ಹಾಕುವುದಿಲ್ಲ. ತಿಂಗಳಿಗೊಂದು ಶನಿವಾರ ಒಂದು ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಊರಿಗೆ ಹೋಗುತ್ತೇನೆ.